ಎಡಗೈ ಬಿಟ್ಟಾಗ ವಾಲಿದ ಬಾಸ್: ಕಮಾನಿನ ಹಿಡಿತ ಮತ್ತು ಸ್ಥಾನ ಪದ್ಧತಿಯ ಒಂದು ಪ್ರಕರಣ

ಈ ವಿದ್ಯಾರ್ಥಿ ನನ್ನ ಬಳಿ ಡಬಲ್ ಬಾಸ್ (ಪಿಟೀಲಿನಂತೆ ಕಮಾನು ಎಳೆದು ನುಡಿಸುವ, ಆಳೆತ್ತರದ ತಂತಿವಾದ್ಯ) ಕಲಿಯಲು ಬಂದಾಗ ಅವರ ಬೆನ್ನ ಹಿಂದೆ ಇಬ್ಬರು ಗುರುಗಳಿದ್ದರು, ಚೀಲದಲ್ಲಿ ಎರಡು ಬಗೆಯ ಕಮಾನುಗಳಿದ್ದವು, ಬಲ ಹೆಬ್ಬೆರಳಿನ ಬುಡದಲ್ಲಿ ಬಿಡದ ನೋವಿತ್ತು. ಗುರುತು ಸಿಗಬಾರದೆಂದು ವಯಸ್ಸು, ಉದ್ಯೋಗ, ಊರು ಎಲ್ಲವನ್ನೂ ಬಿಟ್ಟಿದ್ದೇನೆ. ವಾದ್ಯದ ಅಳತೆಗಳನ್ನೂ ನನ್ನ ತಪ್ಪುಗಳನ್ನೂ ಇದ್ದ ಹಾಗೆಯೇ ಇಟ್ಟಿದ್ದೇನೆ.

ಹಿನ್ನೆಲೆ

ಅವರು ಹತ್ತು ವರ್ಷಕ್ಕೂ ಮೇಲ್ಪಟ್ಟು ಬಾಸ್ ಗಿಟಾರ್ ನುಡಿಸಿದವರು. ಕಿವಿ ಚುರುಕು, ಲಯ ಗಟ್ಟಿ. ಹವ್ಯಾಸಿ ವಾದ್ಯವೃಂದವೊಂದರ ಬಾಸ್ ಸಾಲಿನಲ್ಲಿ ಕೊನೆಯ ಜಾಗವಾದರೂ ಸಿಗಲಿ ಎಂಬುದು ಅವರ ಆಸೆ. ಮೊದಲ ಗುರು ಜರ್ಮನ್ ಕಮಾನು ಹಿಡಿಸಿ, ಫ್ರಾನ್ಜ್ ಸಿಮಾಂಡ್ಲ್ ಅವರ ಪದ್ಧತಿಯಲ್ಲಿ ಎಡಗೈ ಕೂರಿಸಿದ್ದರು. ಎರಡನೆಯವರು ಫ್ರೆಂಚ್ ಕಮಾನಿನವರು. ಫ್ರಾಂಸ್ವಾ ರಬ್ಬಾತ್ ಅವರ ದಾರಿಯಲ್ಲಿ ಎಡಗೈಯನ್ನು ಮತ್ತೆ ಮೊದಲಿನಿಂದ ಆರಂಭಿಸಿದ್ದರು. ಇಬ್ಬರೂ ಬಲ್ಲವರು. ಇಬ್ಬರ ಬಗ್ಗೆಯೂ ನನಗೆ ದೂರಿಲ್ಲ.

ಬಾಸ್ ನುಡಿಸದವರಿಗಾಗಿ ಒಂದೆರಡು ಮಾತು. ಪಿಟೀಲು, ಚೆಲ್ಲೊಗಳಲ್ಲಿ ಕಮಾನಿನ ಹಿಡಿತದ ಬಗ್ಗೆ ಜಗಳವಾಡುವವರು ಬೆರಳಿನ ಕೋನದ ಬಗ್ಗೆ ಜಗಳವಾಡುತ್ತಾರೆ. ಬಾಸ್‌ನಲ್ಲಿ ಕಮಾನೇ ಎರಡು ಜಾತಿ. ಜರ್ಮನ್ ಕಮಾನನ್ನು ಪಕ್ಕದಿಂದ, ಗರಗಸ ಹಿಡಿದ ಹಾಗೆ, ಅಂಗೈ ಒಳಮುಖವಾಗಿ ಹಿಡಿಯುತ್ತಾರೆ. ಅದರ ಫ್ರಾಗ್, ಅಂದರೆ ಹಿಡಿಯ ಬದಿಯಲ್ಲಿ ಕೂದಲನ್ನು ಕಚ್ಚಿ ಹಿಡಿದ ತುಂಡು, ಎತ್ತರವಾಗಿರುತ್ತದೆ, ಕಿರುಬೆರಳು ಅದರ ಕೆಳಗೆ ಬರುತ್ತದೆ. ಹಳೆಯ ವಯೋಲ್ ವಾದ್ಯಗಳ ಹಿಡಿತ ಇದಕ್ಕೆ ಮೂಲ. ಡೊಮೆನಿಕೊ ಡ್ರಾಗೊನೆಟ್ಟಿ (1763–1846) ನುಡಿಸಿದ್ದೂ ಕೈ ಕೆಳಗಿಂದ ಬರುವ ಇಂಥ ಹಿಡಿತದಲ್ಲೇ. ಫ್ರೆಂಚ್ ಕಮಾನನ್ನು ಚೆಲ್ಲೊ ಕಮಾನಿನಂತೆ ಮೇಲಿನಿಂದ ಹಿಡಿಯುತ್ತಾರೆ. ಅದಕ್ಕೆ ಹೆಸರು ತಂದವರಲ್ಲಿ ಮುಖ್ಯರು ಜೊವಾನಿ ಬೊಟ್ಟೆಸಿನಿ (1821–1889). ಒಂದೇ ವಾದ್ಯವೃಂದದ ಒಂದೇ ಸಾಲಿನಲ್ಲಿ ಎರಡೂ ಕಾಣಸಿಗುತ್ತವೆ, ಕಣ್ಣು ಮುಚ್ಚಿ ಕೇಳಿದರೆ ಯಾರ ಕೈಯಲ್ಲಿ ಯಾವುದು ಎಂದು ಹೇಳುವುದು ಕಷ್ಟ.

ಎಡಗೈಗೂ ಇಂಥದೇ ಎರಡು ಮನೆತನಗಳಿವೆ. ಕುತ್ತಿಗೆಯ ಮೇಲೆ ಕೈ ನಿಲ್ಲುವ ಒಂದೊಂದು ಜಾಗಕ್ಕೂ ಸ್ಥಾನ ಎನ್ನುತ್ತಾರೆ. ವಿಯೆನ್ನಾದಲ್ಲಿ ನುಡಿಸುತ್ತ ಕಲಿಸುತ್ತ ಇದ್ದ ಸಿಮಾಂಡ್ಲ್ (1840–1912) ಪದ್ಧತಿಯಲ್ಲಿ ಕೆಳಗಿನ ಸ್ವರಗಳ ಪ್ರದೇಶದಲ್ಲಿ ತೋರುಬೆರಳು, ನಡುಬೆರಳು, ಕಿರುಬೆರಳು, ಅಂದರೆ ಒಂದು, ಎರಡು, ನಾಲ್ಕು ಮಾತ್ರ ಸ್ವರ ಹಿಡಿಯುತ್ತವೆ. ಉಂಗುರಬೆರಳು ಕಿರುಬೆರಳಿಗೆ ಹೆಗಲು ಕೊಡುತ್ತದೆ. ಒಂದರಿಂದ ನಾಲ್ಕಕ್ಕೆ ಒಂದು ಪೂರ್ಣ ಸ್ವರದ, ಅಂದರೆ ಎರಡು ಅರ್ಧ ಸ್ವರಗಳ ಅಂತರ. ಈ ಚೌಕಟ್ಟನ್ನು ಕದಲಿಸದೆ ಅರ್ಧ ಸ್ಥಾನ, ಒಂದನೆಯದು, ಎರಡನೆಯದು, ನಡುವೆ ಎರಡೂವರೆ ಎಂದು ಮೆಟ್ಟಿಲು ಮೆಟ್ಟಿಲಾಗಿ ಜರುಗಿಸಬೇಕು. 1931ರಲ್ಲಿ ಅಲೆಪ್ಪೊದಲ್ಲಿ ಹುಟ್ಟಿದ ರಬ್ಬಾತ್ ಈ ಮೆಟ್ಟಿಲುಗಳನ್ನೆಲ್ಲ ಒಟ್ಟುಗೂಡಿಸಿ, ತಂತಿಯ ಹಾರ್ಮೋನಿಕ್‌ಗಳನ್ನು (ತಂತಿಯನ್ನು ಒತ್ತದೆ ಸುಮ್ಮನೆ ಮುಟ್ಟಿದಾಗ ಹೊಮ್ಮುವ ಮೇಲಿನ ಸ್ವರಗಳನ್ನು) ಗಡಿಕಲ್ಲಾಗಿಟ್ಟುಕೊಂಡು ಇಡೀ ಬೆರಳು ಹಲಗೆಗೆ ಆರೇ ಸ್ಥಾನ ಎಂದರು. ಒಂದು ಸ್ಥಾನದೊಳಗೆ ಹೆಬ್ಬೆರಳು ಕದಲುವುದಿಲ್ಲ. ಅದರ ಸುತ್ತ ಕೈ ಬಾಗಿಲಿನಂತೆ ತಿರುಗಿ ಅಕ್ಕಪಕ್ಕದ ಸ್ವರಗಳನ್ನು ಮುಟ್ಟುತ್ತದೆ. ಇದನ್ನು ಪಿವಟ್ ಎನ್ನುತ್ತಾರೆ.

ತೊಂದರೆ

ಬಾಸ್‌ನ ನಾಲ್ಕು ತಂತಿಗಳಿಗೆ ದಪ್ಪದಿಂದ ತೆಳುವಿಗೆ ಇ, ಎ, ಡಿ, ಜಿ ಎಂದು ಹೆಸರು. ಮೊದಲ ದಿನ ಜಿ ತಂತಿಯಲ್ಲಿ, ನಟ್‌ನ ಬಳಿಯ ಅರ್ಧ ಸ್ಥಾನದ ಮೂರು ಸ್ವರಗಳನ್ನು ನಿಧಾನವಾಗಿ ನುಡಿಸಲು ಹೇಳಿದೆ: ಎ ಫ್ಲ್ಯಾಟ್, ಎ, ಬಿ ಫ್ಲ್ಯಾಟ್. (ನಟ್ ಎಂದರೆ ಕುತ್ತಿಗೆಯ ಮೇಲ್ತುದಿಯಲ್ಲಿ ತಂತಿಗಳು ಹಾಯುವ ಪಟ್ಟಿ; ಫ್ಲ್ಯಾಟ್ ಎಂದರೆ ಅರ್ಧ ಸ್ವರ ಕೆಳಗೆ, ಶಾರ್ಪ್ ಎಂದರೆ ಅರ್ಧ ಸ್ವರ ಮೇಲೆ.) ಮೊದಲ ಸಲ ಕಿರುಬೆರಳಿನ ಬಿ ಫ್ಲ್ಯಾಟ್ ಶ್ರುತಿಗಿಂತ ಕೆಳಗಿತ್ತು. ಅದು ಅವರಿಗೂ ಕೇಳಿಸಿತು, ಮುಖ ಕಿವುಚಿದರು. ಎರಡನೆಯ ಸಲ ಕೈ ತಿರುಗಿಸಿ ಪಿವಟ್ ಮಾಡಿದರು, ಸ್ವರ ಮೇಲೆ ಹೋಯಿತು. ಮೂರನೆಯ ಸಲ ಬಾಸ್ ಗಿಟಾರಿನ ಅಭ್ಯಾಸ ನುಗ್ಗಿತು: ಒಂದು ಅರ್ಧ ಸ್ವರಕ್ಕೆ ಒಂದು ಬೆರಳು. ಎರಡು ದೋಣಿಯಲ್ಲಿ ಕಾಲಿಟ್ಟವರನ್ನು ಕಂಡಿದ್ದೆ, ಇವರದು ಮೂರು ದೋಣಿ.

ಬಾಸ್ ಗಿಟಾರಿನ ತಂತಿ ಸುಮಾರು 86 ಸೆಂಟಿಮೀಟರ್. ಅವರ ಡಬಲ್ ಬಾಸ್‌ನದು 106. ವ್ಯತ್ಯಾಸ ಇಷ್ಟೇ ಆಗಿದ್ದರೆ ಕೈ ಹೇಗೋ ಹೊಂದಿಕೊಳ್ಳುತ್ತಿತ್ತು. ಗಿಟಾರಿನ ಮೆಟ್ಟು ದಯಾಳು. ಅದರ ಹಿಂದೆ ಬೆರಳು ಎಲ್ಲಿ ಬಿದ್ದರೂ ಸ್ವರ ಶುದ್ಧವಾಗಿರುತ್ತದೆ. ಡಬಲ್ ಬಾಸ್‌ನಲ್ಲಿ ಬೆರಳೇ ಮೆಟ್ಟು. ಹತ್ತು ವರ್ಷ ‘ಸರಿಸುಮಾರು’ ಸಾಕಾಗಿದ್ದ ಕೈಗೆ ಇದು ಒಗ್ಗಲು ಕಾಲ ಬೇಕು.

ಬಲಗೈಯ ಕಥೆ ಬೇರೆ. ಆಗ ಅವರು ಫ್ರೆಂಚ್ ಕಮಾನು ಹಿಡಿಯುತ್ತಿದ್ದರು. ಬಾಗಿರಬೇಕಾದ ಹೆಬ್ಬೆರಳು ನೆಟ್ಟಗೆ ಸೆಟೆದು ಹಿಂದಕ್ಕೆ ಬಳುಕಿತ್ತು. ಇಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ ಕಮಾನು ಕೆಳಗಿಟ್ಟು ಹೆಬ್ಬೆರಳಿನ ಬುಡ ಒತ್ತಿಕೊಳ್ಳುತ್ತಿದ್ದರು. ಮೊದಲು ವೈದ್ಯರಿಗೆ ತೋರಿಸಿ ಎಂದೆ. ಕೀಲಿನಲ್ಲಿ ದೋಷವಿಲ್ಲ, ಅತಿಬಳಕೆಯ ನೋವು, ಬಿಗಿತ ಕಡಿಮೆ ಮಾಡಿ ಎಂಬ ಸಲಹೆ ಬಂತು. ಬಿಗಿತ ಎಲ್ಲಿಂದ ಬಂತು ಎಂದು ಹುಡುಕುವುದು ನನ್ನ ಕೆಲಸವಾಯಿತು. ನಾನು ಹುಡುಕಲಿಲ್ಲ. ನೇರವಾಗಿ ಉತ್ತರಕ್ಕೆ ಹಾರಿದೆ.

ಮೊದಲ ಪ್ರಯತ್ನ

ನಾನು ಜರ್ಮನ್ ಕಮಾನಿನವನು. ಫ್ರೆಂಚ್ ಹಿಡಿತವನ್ನು ಕಲಿಸಬಲ್ಲೆ, ಆದರೆ ನನ್ನ ಕೈಯೊಳಗೆ ಅದು ಕುಳಿತಿಲ್ಲ. ‘ಹೆಬ್ಬೆರಳಿಗೆ ನೋವಿದೆ, ಫ್ರೆಂಚ್ ಹಿಡಿತ ಹೆಬ್ಬೆರಳಿನ ಮೇಲೆ ನಿಂತಿದೆ, ಆದ್ದರಿಂದ ಜರ್ಮನ್‌ಗೆ ಬದಲಿಸೋಣ’ ಎಂದು ಅವರಿಗೆ ಹೇಳಿದಾಗ ಅದು ತರ್ಕದಂತೆ ಕೇಳಿಸಿತು. ಈಗ ಹಿಂದಿರುಗಿ ನೋಡಿದರೆ ಅದರಲ್ಲಿ ಅರ್ಧ ನನ್ನ ಅನುಕೂಲ. ಅದೇ ದಿನ ಎಡಗೈಗೂ ತೀರ್ಪು ಕೊಟ್ಟೆ: ಪಿವಟ್ ಬೇಡ, ಸಿಮಾಂಡ್ಲ್ ಚೌಕಟ್ಟು ಮಾತ್ರ, ಅರ್ಧ ಸ್ಥಾನದಿಂದ ಶುರು.

ಒಂದೇ ದಿನ ಎರಡೂ ಕೈ ಬದಲಾದವು. ಈ ಪ್ರಕರಣದಲ್ಲಿ ನಾನು ತೆಗೆದುಕೊಂಡ ಅತಿ ಕೆಟ್ಟ ನಿರ್ಧಾರ ಇದೇ.

ನಾಲ್ಕು ವಾರ ಕಳೆಯಿತು. ಹೆಬ್ಬೆರಳಿನ ನೋವು ಕಡಿಮೆಯಾಗಿ ಮಣಿಕಟ್ಟಿನ ಹೊರಬದಿಗೆ ದಾಟಿತು. ಫ್ರಾಗನ್ನು ಹೆಬ್ಬೆರಳು ಮತ್ತು ಕಿರುಬೆರಳುಗಳ ನಡುವೆ ಇಕ್ಕಳದಂತೆ ಅಮುಕುತ್ತಿದ್ದರು. ಅರ್ಧ ಸ್ಥಾನದ ಬಿ ಫ್ಲ್ಯಾಟ್ ಸ್ವಲ್ಪ ಸುಧಾರಿಸಿತು, ಆದರೆ ಮೂರನೆಯ ಸ್ಥಾನಕ್ಕೆ ಜಾರಿದ ಕೂಡಲೇ ಎಲ್ಲವೂ ಚೆಲ್ಲಾಪಿಲ್ಲಿ. ಜೊತೆಗೆ ಹೊಸದೊಂದು ಕಾಣಿಸಿಕೊಂಡಿತು: ದೀರ್ಘ ಎಳೆತದ ನಡುವೆ ಕಮಾನು ನಡುಗುವುದು. ಸುಧಾರಣೆಗೆ ಯಾವ ಬದಲಾವಣೆ ಕಾರಣ, ನಡುಕಕ್ಕೆ ಯಾವುದು ಎಂದು ಹೇಳಲು ನನಗೆ ದಾರಿಯೇ ಇರಲಿಲ್ಲ, ಏಕೆಂದರೆ ಏನನ್ನೂ ಸ್ಥಿರವಾಗಿ ಇಟ್ಟಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಗಿತ್ತು. ಯಾವುದು ಎತ್ತು, ಯಾವುದು ಎಮ್ಮೆ ಎಂಬುದೂ ಆಗ ಗೊತ್ತಿರಲಿಲ್ಲ.

ಐದನೆಯ ವಾರ ಅವರು ಬಾಗಿಲಲ್ಲೇ ನಿಂತು, “ನಾನು ಗಿಟಾರಿಗೇ ವಾಪಸು ಹೋಗುವುದು ಒಳ್ಳೆಯದೇನೋ” ಎಂದರು.

ಹಾಳೆ ಹಾರಿದ ದಿನ

ತಿರುವು ಬಂದದ್ದು ಬೀಸುಗಾಳಿಯಿಂದ. ಆ ದಿನ ತೆರೆದ, ಅಂದರೆ ಬೆರಳಿಡದ ತಂತಿಗಳ ಮೇಲೆ ದೀರ್ಘ ಎಳೆತ ನಡೆದಿತ್ತು. ಎಡಗೈಗೆ ಕೆಲಸವೇನೂ ಇರಲಿಲ್ಲ, ಆದರೂ ಅದು ವಾದ್ಯದ ಕುತ್ತಿಗೆ ಹಿಡಿದೇ ಇತ್ತು. ಸ್ಟ್ಯಾಂಡಿನ ಮೇಲಿದ್ದ ಹಾಳೆ ಹಾರಿತು. ಹಿಡಿಯಲೆಂದು ಅವರು ಎಡಗೈ ಎತ್ತಿದರು. ಬಾಸ್ ಎಡಕ್ಕೆ ವಾಲಿತು. ಹಾಳೆ ಬಿಟ್ಟು ಕೈ ಮರಳಿ ಕುತ್ತಿಗೆಗೆ ಹಾರಿತು. ಇಷ್ಟೆಲ್ಲ ನಡೆದದ್ದು ಒಂದು ಸೆಕೆಂಡಿನಲ್ಲಿ.

ಹಾಳೆ ನೆಲದ ಮೇಲೆ ಬಿದ್ದಿತ್ತು. ನಾನು ಎತ್ತಿಕೊಳ್ಳಲಿಲ್ಲ. “ಡಿ ತಂತಿ ಎಳೆಯಿರಿ, ಎಡಗೈ ಗಾಳಿಯಲ್ಲಿರಲಿ” ಎಂದೆ. ಎರಡನೆಯ ಎಳೆತ ಮುಗಿಯುವ ಮೊದಲೇ ಬಾಸ್ ಬೀಳಲು ಹೊರಟಿತು, ಪಕ್ಕದಲ್ಲಿ ನಿಂತು ನಾನೇ ಹಿಡಿದೆ.

ಅಂದರೆ ಇಷ್ಟು ದಿನ ಅವರ ಎಡಗೈ ಸ್ವರ ಹಿಡಿಯುವುದರ ಜೊತೆಗೆ ಇಡೀ ವಾದ್ಯವನ್ನು ನಿಲ್ಲಿಸಿಯೂ ಇತ್ತು. ಹೆಬ್ಬೆರಳು ಕುತ್ತಿಗೆಯನ್ನು ಕಚ್ಚಿ ಹಿಡಿದಿದ್ದರೆ ಚೌಕಟ್ಟು ಅಗಲವಾಗುವುದು ಹೇಗೆ, ಜಾರುವುದು ಹೇಗೆ, ಪಿವಟ್ ತಿರುಗುವುದು ಹೇಗೆ? ಯಾವ ಪದ್ಧತಿ ಕೊಟ್ಟರೂ ಸೋಲುತ್ತಿತ್ತು. ಒಂದು ಕೈಯ ಹೆಬ್ಬೆರಳು ಬಿಗಿದರೆ ಇನ್ನೊಂದರದೂ ತಾನಾಗಿ ಬಿಗಿಯುತ್ತದೆ. ಇದನ್ನು ಎಷ್ಟೋ ಕೈಗಳಲ್ಲಿ ನೋಡಿದ್ದೇನೆ. ಫ್ರೆಂಚ್ ಕಮಾನಿನಲ್ಲಿ ಅದು ಹೆಬ್ಬೆರಳಿನ ಬುಡದ ನೋವಾಯಿತು, ಜರ್ಮನ್‌ನಲ್ಲಿ ಮಣಿಕಟ್ಟಿನದು. ರೋಗ ಒಂದೇ, ಮನೆ ಬದಲಿಸಿತ್ತು.

ವಾದ್ಯ ವಾಲಲು ಕಾರಣ ಸರಳ. ವಾದ್ಯವನ್ನು ನೆಲದ ಮೇಲೆ ನಿಲ್ಲಿಸುವ ಬುಡದ ಕಡ್ಡಿ, ಅಂದರೆ ಎಂಡ್‌ಪಿನ್, ಬಹಳ ಉದ್ದವಾಗಿ ಹೊರಬಂದಿತ್ತು, ಬಾಸ್ ನೆಟ್ಟಗೆ ಕಂಬದಂತೆ ನಿಂತಿತ್ತು, ಮೈಗೆ ಎಲ್ಲೂ ಒರಗಿರಲಿಲ್ಲ. ಎಂಡ್‌ಪಿನ್ ಮೂರು ಹಂತ ಇಳಿಸಿದೆವು. ವಾದ್ಯವನ್ನು ಸ್ವಲ್ಪ ಒಳಕ್ಕೆ ತಿರುಗಿಸಿ, ಹಿಂಬದಿಯ ಮೇಲಂಚು ಹೊಟ್ಟೆಯ ಎಡಮಗ್ಗುಲಿಗೆ ತಾಗುವಂತೆ, ಎಡ ಮೊಣಕಾಲು ಹಿಂದಿನಿಂದ ಆನುವಂತೆ ನಿಲ್ಲಿಸಿದೆವು. ಎತ್ತರ ಸರಿಯೇ ಎಂದು ತಿಳಿಯಲು ನಾನು ನೋಡುವುದು ಇಷ್ಟು: ಕಮಾನು ಹಿಡಿದು ಬಲತೋಳನ್ನು ಸಡಿಲವಾಗಿ ಇಳಿಬಿಟ್ಟರೆ ಕಮಾನಿನ ಕೂದಲು ತಾನಾಗಿ ಕುದುರೆಗೂ (ಒಡಲ ಮೇಲೆ ತಂತಿಗಳನ್ನು ಎತ್ತಿ ಹಿಡಿದ ಮರದ ತುಂಡಿಗೂ) ಬೆರಳು ಹಲಗೆಯ ತುದಿಗೂ ನಡುವೆ ಬೀಳಬೇಕು. ಕಮಾನಿನ ಜಾತಿ ಬದಲಾದರೆ ಇದನ್ನೂ ಮತ್ತೆ ನೋಡಬೇಕು. ತಿಂಗಳ ಹಿಂದೆ ಕಮಾನು ಬದಲಿಸಿದಾಗ ನಾನು ನೋಡಿರಲಿಲ್ಲ.

ಮುಂದಿನ ಮೂರು ವಾರ ಪುಸ್ತಕ ಮುಚ್ಚಿಟ್ಟೆವು. ದಿನಕ್ಕೆ ಹದಿನೈದು ನಿಮಿಷ ತೆರೆದ ತಂತಿ ಮಾತ್ರ, ಎಡಗೈ ಜೇಬಿನಲ್ಲಿ. ಬಾಸ್ ಕಮಾನು 130 ಗ್ರಾಂ ಆಸುಪಾಸು ತೂಗುತ್ತದೆ, ಪಿಟೀಲಿನದಕ್ಕಿಂತ ಎರಡು ಪಟ್ಟು ಹೆಚ್ಚು. ಅಷ್ಟು ತೂಕವನ್ನು ತಂತಿ ಹೊರಲಿ, ಕೈ ಹೊರುವುದು ಬೇಡ ಎಂಬುದೊಂದೇ ಪಾಠ. ಕಮಾನನ್ನು ಡಿ ತಂತಿಯ ಮೇಲೆ ಮಲಗಿಸುವುದು, ಬೆರಳುಗಳನ್ನು ಒಂದೊಂದಾಗಿ ಎತ್ತುವುದು, ಹೆಬ್ಬೆರಳು ಮತ್ತು ನಡುಬೆರಳು ಮಾತ್ರ ಉಳಿದಾಗಲೂ ಅದು ಬೀಳುವುದಿಲ್ಲ ಎಂದು ಕಣ್ಣಾರೆ ಕಾಣುವುದು. ಆಮೇಲೆ ಉಳಿದ ಬೆರಳುಗಳನ್ನು ಒತ್ತದೆ, ಸುಮ್ಮನೆ ಕೂರಿಸುವುದು. ಇ ತಂತಿಯಲ್ಲಿ ಇದು ಇನ್ನೂ ಸ್ಪಷ್ಟ. ಅದು ಸೆಕೆಂಡಿಗೆ ಸುಮಾರು 41 ಸಲವಷ್ಟೇ ಕಂಪಿಸುತ್ತದೆ, ಬಾಯಿ ಬಿಡಲು ಸಮಯ ಕೇಳುತ್ತದೆ. ಅವಸರಪಟ್ಟು ಅಮುಕಿದರೆ ಗೊರಗೊರ ಸದ್ದು. ತೂಕ ಬಿಟ್ಟು ನಿಧಾನ ಎಳೆದರೆ ನೆಲವೇ ಗುಂಯ್‌ಗುಡುತ್ತದೆ.

ಮೂರನೆಯ ವಾರದ ಕೊನೆಗೆ ನಡುಕ ನಿಂತಿತು. ಆಗ ಎರಡೂ ಕಮಾನುಗಳನ್ನು ಒಂದೊಂದು ವಾರ ಬಳಸಿ ಎಂದೆ. ಯಾವುದರಲ್ಲೂ ನೋವು ಬರಲಿಲ್ಲ. ಅವರು ಫ್ರೆಂಚ್ ಕಮಾನನ್ನೇ ಇಟ್ಟುಕೊಂಡರು. ಕಾರಣ ಕೇಳಿದ್ದಕ್ಕೆ, “ಇದರ ತುದಿ ಎಲ್ಲಿದೆ ಅಂತ ನೋಡದೆಯೂ ಗೊತ್ತಾಗುತ್ತದೆ” ಎಂದರು. ನನಗೆ ಒಳಗೊಳಗೇ ತುಸು ಬೇಸರವಾಯಿತೆಂಬುದನ್ನೂ ಬರೆದುಬಿಡುತ್ತೇನೆ.

ನಾಲ್ಕು ಸೆಂಟಿಮೀಟರಿನ ಜಗಳ

ಈಗ ಎಡಗೈ. ಈ ಸಲ ಒಂದನ್ನೇ ಬದಲಿಸುವುದೆಂದು ನಿರ್ಧರಿಸಿ, ಅರ್ಧ ಸ್ಥಾನದ ಬದಲು ನಾಲ್ಕನೆಯ ಸ್ಥಾನದಿಂದ ಆರಂಭಿಸಿದೆ. ಅಲ್ಲಿ ಜಿ ತಂತಿಯ ಮೇಲೆ ತೋರುಬೆರಳು ಡಿ ಹಿಡಿಯುತ್ತದೆ. ಕುತ್ತಿಗೆ ಒಡಲನ್ನು ಸೇರುವ ತಿರುವು, ಅಂದರೆ ಹಿಮ್ಮಡಿ, ಹೆಬ್ಬೆರಳಿಗೆ ಸಿಗುವುದೂ ಅಲ್ಲೇ. ಕತ್ತಲಲ್ಲಿ ಬಾಗಿಲ ಚೌಕಟ್ಟು ಕೈಗೆ ಸಿಕ್ಕಂತೆ ಅದೊಂದು ಆಸರೆ. ಪಕ್ಕದ ತೆರೆದ ಡಿ ತಂತಿಯೊಂದಿಗೆ ಅಷ್ಟಮ (ಅದೇ ಸ್ವರ, ಒಂದು ಸ್ಥಾಯಿ ಮೇಲೆ) ಹೊಂದಿಸಿದರೆ ಶ್ರುತಿ ತಾನೇ ಸಾಕ್ಷಿ ಹೇಳುತ್ತದೆ.

ಮನೆಯಲ್ಲಿ ಚೆನ್ನಾಗಿ ಬರುತ್ತಿದೆ ಎಂದು ಅವರು ಹೇಳುತ್ತಿದ್ದರು. ನನ್ನ ಕೋಣೆಯಲ್ಲಿ, ನನ್ನ ಬಾಸ್ ಮೇಲೆ, ಜಾರಿದಾಗಲೆಲ್ಲ ಡಿ ಬದಲು ಇ ಫ್ಲ್ಯಾಟ್. ಒಂದು ವಾರ, ಎರಡು ವಾರ. “ಇದು ನಿಮ್ಮ ಬಾಸ್‌ನ ದೋಷ” ಎಂದು ಅವರು ನಗುತ್ತ ಹೇಳಿದರು. ಕುಣಿಯಲಾರದವಳು ನೆಲ ಡೊಂಕು ಅಂದಳು ಎಂಬ ಗಾದೆ ನನ್ನ ನಾಲಿಗೆಯ ತುದಿಯವರೆಗೆ ಬಂದಿತ್ತು. ಪುಣ್ಯಕ್ಕೆ ಹೇಳಲಿಲ್ಲ. ಮುಂದಿನ ಪಾಠಕ್ಕೆ ಅವರು ತಮ್ಮ ವಾದ್ಯವನ್ನೇ ಹೊತ್ತು ತಂದರು. ಎರಡನ್ನೂ ಅಕ್ಕಪಕ್ಕ ನಿಲ್ಲಿಸಿ ಹೆಬ್ಬೆರಳನ್ನು ಹಿಮ್ಮಡಿಗೆ ಆನಿಸಿ ನೋಡಿದೆವು. ಅವರದರಲ್ಲಿ ತೋರುಬೆರಳು ಡಿ ಮೇಲೆ ಬಿತ್ತು, ನನ್ನದರಲ್ಲಿ ಇ ಫ್ಲ್ಯಾಟ್ ಮೇಲೆ.

ಬಾಸ್ ತಯಾರಕರಲ್ಲಿ ಡಿ ಕುತ್ತಿಗೆ, ಇ ಫ್ಲ್ಯಾಟ್ ಕುತ್ತಿಗೆ ಎಂಬ ಎರಡು ರೂಢಿಗಳಿವೆ. ಇದು ನನಗೆ ತಿಳಿಯದ ಸಂಗತಿಯಲ್ಲ. ಆದರೆ ನನ್ನ ವಾದ್ಯವನ್ನು ಎಷ್ಟೋ ವರ್ಷಗಳಿಂದ ನುಡಿಸುತ್ತ ಅದೇ ಲೋಕದ ಅಳತೆ ಎಂದುಕೊಂಡಿದ್ದೆ. 106 ಸೆಂಟಿಮೀಟರ್ ತಂತಿಯಲ್ಲಿ ಡಿಯಿಂದ ಇ ಫ್ಲ್ಯಾಟ್‌ಗೆ ಸುಮಾರು 4 ಸೆಂಟಿಮೀಟರ್. ವಿದ್ಯಾರ್ಥಿಯ ಕೈ ತಾನು ಕಲಿತದ್ದನ್ನು ತಪ್ಪಿಲ್ಲದೆ ಮಾಡುತ್ತಿತ್ತು. ಡೊಂಕಾಗಿದ್ದದ್ದು ನಿಜಕ್ಕೂ ನೆಲವೇ. ಅಂದಿನಿಂದ ಪಾಠಕ್ಕೂ ಅವರದೇ ವಾದ್ಯ. ಹೊತ್ತು ತರುವುದು ಕಷ್ಟ, ಆದರೂ ತಂದರು.

ಅಳತೆಪಟ್ಟಿ

ಆ ದಿನ ಹೇಗೂ ಅಳತೆಪಟ್ಟಿ ಹೊರಗಿತ್ತು. ಅವರ ಎಡಗೈಯನ್ನು ಮೇಜಿನ ಅಂಚಿಗೆ, ಕುತ್ತಿಗೆ ಹಿಡಿದಂತೆಯೇ ಬೆರಳು ಬಾಗಿಸಿ ಇಡಲು ಹೇಳಿದೆ. ಬಿಗಿಯದೆ, ಹೆಬ್ಬೆರಳು ನಡುಬೆರಳಿನ ಹಿಂದೆ ಇರುವಾಗ ತೋರುಬೆರಳಿನ ತುದಿಯಿಂದ ಕಿರುಬೆರಳಿನ ತುದಿಗೆ ಎಷ್ಟು? ಒಂಬತ್ತೂವರೆ ಸೆಂಟಿಮೀಟರಿಗಿಂತ ಒಂದು ಗೆರೆ ಹೆಚ್ಚು.

ಅವರ ತಂತಿಯಲ್ಲಿ ಒಂದರಿಂದ ನಾಲ್ಕನೆಯ ಬೆರಳಿಗೆ ಎಷ್ಟು ಅಗಲ ಬೇಕೆಂದು ಕಾಗದದ ಮೇಲೆ ಲೆಕ್ಕ ಹಾಕಿದೆವು. ನಾಲ್ಕನೆಯ ಸ್ಥಾನದಲ್ಲಿ 7.7 ಸೆಂಟಿಮೀಟರ್, ಮೂರರಲ್ಲಿ 8.7, ಎರಡರಲ್ಲಿ 9.7, ಒಂದರಲ್ಲಿ 10.3, ಅರ್ಧ ಸ್ಥಾನದಲ್ಲಿ 10.9. ಬಾಸ್ ಗಿಟಾರಿನಂತೆ ನಾಲ್ಕು ಬೆರಳಿಗೆ ನಾಲ್ಕು ಅರ್ಧ ಸ್ವರ ಕೊಡಹೋದರೆ ಅರ್ಧ ಸ್ಥಾನದಲ್ಲಿ ಸುಮಾರು 16.

ಇಬ್ಬರೂ ಆ ಕಾಗದವನ್ನು ನೋಡುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದೆವು. ಅವರ ಸಡಿಲ ಕೈಯ ಗಡಿ ಎರಡನೆಯ ಸ್ಥಾನದಲ್ಲಿ ಮುಗಿಯುತ್ತಿತ್ತು. ಅಲ್ಲಿಂದ ನಟ್‌ನ ಕಡೆಗೆ ಹೋದಂತೆಲ್ಲ ಚೌಕಟ್ಟನ್ನು ಬಲವಂತವಾಗಿ ಹಿಗ್ಗಿಸಬೇಕು. ಅರ್ಧ ಸ್ಥಾನದಲ್ಲಿ ಕೊರತೆ ಒಂದು ಸೆಂಟಿಮೀಟರಿಗೂ ಮೇಲೆ, ಅಲ್ಲಿ ಒಂದು ಅರ್ಧ ಸ್ವರವೇ ಐದೂವರೆ ಸೆಂಟಿಮೀಟರ್ ಇರುವಾಗ. ಮೊದಲ ದಿನ ಕೆಳಗಿಳಿದಿದ್ದ ಬಿ ಫ್ಲ್ಯಾಟ್ ಇದೇ. ಎಲ್ಲಕ್ಕಿಂತ ಅಗಲವಾದ ಸ್ಥಾನದಿಂದ ನಾನು ಕಲಿಸಲು ಹೊರಟಿದ್ದೆ, ಪುಸ್ತಕ ಅಲ್ಲಿಂದ ಶುರುವಾಗುತ್ತದೆ ಎಂಬ ಒಂದೇ ಕಾರಣಕ್ಕೆ.

ಮುಂದಿನ ಯೋಜನೆ ಆ ಕಾಗದದಿಂದಲೇ ಹುಟ್ಟಿತು. ನಾಲ್ಕನೆಯ ಸ್ಥಾನದಿಂದ ಎರಡನೆಯದರವರೆಗೆ ಸಿಮಾಂಡ್ಲ್ ಚೌಕಟ್ಟು, ಕದಲಿಸದೆ. ವಾರಕ್ಕೊಂದು ಸ್ಥಾನ ಹಿಂದಕ್ಕೆ, ಮುಂದಿನದನ್ನು ಮುಟ್ಟುವ ಮೊದಲು ಹಿಂದಿನದು ಭದ್ರ. ಚೌಕಟ್ಟು ಮೂಳೆಗೆ ಇಳಿದ ಮೇಲೆ ಒಂದನೆಯ ಮತ್ತು ಅರ್ಧ ಸ್ಥಾನದಲ್ಲಿ ಪಿವಟ್: ಹೆಬ್ಬೆರಳು ನಿಂತಲ್ಲೇ, ತೋರುಬೆರಳು ತನ್ನ ಕೆಲಸ ಮುಗಿಸಿ ತಂತಿ ಬಿಡುತ್ತದೆ, ಮುಂದೋಳು ಕೂದಲೆಳೆಯಷ್ಟು ತಿರುಗುತ್ತದೆ, ಕಿರುಬೆರಳು ಜಾಗಕ್ಕೆ ಬಂದು ಕೂರುತ್ತದೆ. ಎರಡನೆಯ ಗುರು ಇದನ್ನೇ ಹೇಳಿಕೊಟ್ಟಿದ್ದರು. ಆಗ ಅದು ದಕ್ಕದಿರಲು ಕಾರಣ ತಿರುಗಬೇಕಾದ ಬಾಗಿಲಿಗೆ ಕಂಬ ಇರಲಿಲ್ಲ. ಹೆಬ್ಬೆರಳು ವಾದ್ಯ ಹೊರುವುದರಲ್ಲಿ ಮುಳುಗಿತ್ತು.

ಎರಡು ಪದ್ಧತಿ ಬೆರೆಸುವುದನ್ನು ಒಪ್ಪದ ಸಹೋದ್ಯೋಗಿಗಳಿದ್ದಾರೆ, ಅವರ ಮಾತಿನಲ್ಲಿ ಹುರುಳಿದೆ. ಮೊದಲ ದಿನ ನಾನು ಕಂಡದ್ದು ಬೆರಕೆಯ ಕೆಟ್ಟ ರೂಪವನ್ನೇ. ಆದರೆ ಅಲ್ಲಿ ಒಂದು ಸ್ವರ ತಪ್ಪಿದೊಡನೆ ಗಾಬರಿಯಿಂದ ಪದ್ಧತಿ ಬದಲಾಗುತ್ತಿತ್ತು. ಇಲ್ಲಿ ಗಡಿ ಎಲ್ಲಿದೆಯೆಂದು ಮೊದಲೇ ತಿಳಿದು, ಅಲ್ಲಿ ಮಾತ್ರ ಬದಲಾಗುತ್ತದೆ. ಅಗಲ ಅಂಗೈಯ ವಿದ್ಯಾರ್ಥಿಯಾಗಿದ್ದರೆ ಅರ್ಧ ಸ್ಥಾನದವರೆಗೂ ಚೌಕಟ್ಟೇ ಸಾಕಾಗುತ್ತಿತ್ತು, ನಾನು ಪಿವಟ್ ಮಾತೇ ಎತ್ತುತ್ತಿರಲಿಲ್ಲ.

ಈಗ

ಬಾಗಿಲಲ್ಲಿ ನಿಂತು ಗಿಟಾರಿನ ಮಾತೆತ್ತಿದ ದಿನದಿಂದ ಏಳು ತಿಂಗಳಿಗೆ ಅವರು ವಾದ್ಯವೃಂದದ ಬಾಸ್ ಸಾಲಿನ ಕೊನೆಯಲ್ಲಿ ನಿಂತರು. ನೋವಿಲ್ಲದೆ ಒಂದೂವರೆ ಗಂಟೆ ನುಡಿಸುತ್ತಾರೆ, ನಡುವೆ ವಿರಾಮ ಇರಲೇಬೇಕೆಂದು ನಾನು ಪಟ್ಟು ಹಿಡಿದಿದ್ದೇನೆ. ಜಿ ಮತ್ತು ಡಿ ತಂತಿಗಳಲ್ಲಿ ಶ್ರುತಿಯ ಬಗ್ಗೆ ಈಗ ತಕರಾರಿಲ್ಲ. ಹೊಸ ವಿದ್ಯಾರ್ಥಿಗಳ ಮೊದಲ ಪಾಠ ನನ್ನಲ್ಲಿ ಬದಲಾಗಿದೆ: ಎಡಗೈ ಎತ್ತಿಸಿ ತೆರೆದ ತಂತಿ ಎಳೆಸುತ್ತೇನೆ, ಅವರ ವಾದ್ಯದ ಹಿಮ್ಮಡಿಯಲ್ಲಿ ಯಾವ ಸ್ವರ ಸಿಗುತ್ತದೆಂದು ಬರೆದುಕೊಳ್ಳುತ್ತೇನೆ, ಅಳತೆಪಟ್ಟಿ ತೆಗೆಯುತ್ತೇನೆ. ಯಾವ ಕಮಾನು ಕೊಳ್ಳಲಿ ಎಂಬ ಪ್ರಶ್ನೆಗೆ ಅಂದು ಉತ್ತರ ಕೊಡುವುದಿಲ್ಲ.

ಇ ತಂತಿ ಮಾತ್ರ ಇನ್ನೂ ಬಗ್ಗಿಲ್ಲ. ವೇಗದ ಓಟದಲ್ಲಿ ಅರ್ಧ ಸ್ಥಾನದ ಎಫ್, ಎಫ್ ಶಾರ್ಪ್, ಜಿ ಬಂದರೆ ಪಿವಟ್‌ಗೆ ಸಮಯ ಸಾಲದು, ಕಿರುಬೆರಳಿನ ಜಿ ಹಳೆಯ ಬಿ ಫ್ಲ್ಯಾಟ್‌ನಂತೆ ಕೆಳಗೆ ಕುಸಿಯುತ್ತದೆ. ಆ ತಂತಿ ದಪ್ಪ, ಬೆರಳು ದೂರ ಚಾಚಬೇಕು, ಮೊಣಕೈ ಮುಂದಕ್ಕೆ ಬರಬೇಕು. ಕಳೆದ ವಾರ ಆ ಜಿಯನ್ನು ಎ ತಂತಿಗೆ ಒಯ್ಯಲು ನೋಡಿದೆವು. ತೆರೆದ ಎ ತಂತಿಗಿಂತ ಅದು ಕೆಳಗಿನ ಸ್ವರ, ಅಲ್ಲಿ ಸಿಗುವುದಿಲ್ಲ ಎಂದು ಕಮಾನು ಎತ್ತುವ ಮೊದಲೇ ಇಬ್ಬರಿಗೂ ನೆನಪಾಗಿ ನಕ್ಕೆವು. ಬರುವ ವಾರ ಎಫ್ ಶಾರ್ಪ್‌ನಿಂದ ಜಿಗೆ ಕಿರುಬೆರಳ ಬದಲು ಇಡೀ ಕೈಯನ್ನೇ ಒಂದನೆಯ ಸ್ಥಾನಕ್ಕೆ ಜರುಗಿಸಿ, ನಡುಬೆರಳಿನಲ್ಲಿ ಹಿಡಿದು ನೋಡುವವರಿದ್ದೇವೆ.